ಬೀಜ ಗದ್ದೆಗೆ ಇಳಿಯುವ ಮುನ್ನ

ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು 2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಪ್ರಕಟಿಸಿದರು. ಒಂದು, ನಮ್ಮ ತುಂಗಭದ್ರಾ ಅಚ್ಚುಕಟ್ಟಿನವರು ಬಿಪಿಟಿ ಎನ್ನುವ ಸಾಂಬಾ ಮಸೂರಿಯನ್ನು ತಿದ್ದಿ ರೂಪಿಸಿದ ‘ಕಮಲಾ’. ಇನ್ನೊಂದು, ಸವುಳು ನೆಲಕ್ಕೂ ಒಗ್ಗುತ್ತದೆ ಎನ್ನಲಾದ ‘ಪೂಸಾ ಡಿಎಸ್‌ಟಿ ರೈಸ್ 1’. ಕಮಲಾ ಶೇ 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಕಟಾವಿಗೆ ಬರುತ್ತದೆ ಎಂದು ಸರ್ಕಾರ ಹೇಳಿದೆ. ಒಂದು ಕಡೆ ಎರಡನೇ ಹಸಿರು ಕ್ರಾಂತಿಯ ಜಯಘೋಷ, ಇನ್ನೊಂದು ಕಡೆ ಕುಲಾಂತರಿ ಹಿಂಬಾಗಿಲಿನಿಂದ ಬಂತೆಂಬ ಆಕ್ರೋಶ.

2002ರಲ್ಲಿ ಬಿಟಿ ಹತ್ತಿ ಬಂದಾಗಲೂ ವಾದ ಹೀಗೆಯೇ ಎರಡು ತುದಿಗೆ ಹೋಗಿತ್ತು. ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ತಗ್ಗಿತು, ಔಷಧಿ ಸಿಂಪಡಣೆಯೂ ಇಳಿಯಿತು. ಆದರೆ ಹುಳು ಬಿಟಿಗೆ ಒಗ್ಗಿಕೊಳ್ಳದಂತೆ ಹೊಲದ ಸುತ್ತ ಬಿಟಿಯಲ್ಲದ ಹತ್ತಿಯನ್ನೂ ಹಾಕಬೇಕಿತ್ತು. ಅದಕ್ಕೆಂದೇ ಕೊಟ್ಟ ಪೊಟ್ಟಣವನ್ನು ಬಹಳಷ್ಟು ಕಡೆ ಬಿತ್ತಲೇ ಇಲ್ಲ. 2015ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಎರಡನೇ ಪೀಳಿಗೆಯ ಬಿಟಿಯನ್ನೂ ಜೀರ್ಣಿಸಿಕೊಂಡಿತ್ತು. ಪವಾಡವೋ ವಿಷವೋ ಎಂಬ ಜಗಳದಲ್ಲಿ, ಬೆಳೆಯನ್ನು ಉಳಿಸಬಹುದಾಗಿದ್ದ ಆ ಸಣ್ಣ ನಿಯಮವನ್ನು ಕಾಯುವವರೇ ಇರಲಿಲ್ಲ.

ಹೊಸ ಭತ್ತ ಬಿಟಿ ಹತ್ತಿಯಂತಲ್ಲ. ಅನ್ಯ ಜೀವಿಯ ಜೀನ್ ಸೇರಿಸುವುದು ಇದರ ಗುರಿಯಲ್ಲ. ಕ್ರಿಸ್ಪರ್ ತಂತ್ರದಿಂದ ಭತ್ತದ್ದೇ ಜೀನನ್ನು ಕತ್ತರಿಸಿ ಅದರ ಕೆಲಸ ನಿಲ್ಲಿಸಲಾಗಿದೆ. ಎರಡೂ ಒಂದೇ ಎನ್ನುವ ಟೀಕೆಯಲ್ಲಿ ಹುರುಳಿಲ್ಲ. ಆದರೆ ಇದೇ ಕಾರಣ ಕೊಟ್ಟು 2022ರ ಮಾರ್ಚ್‌ನಲ್ಲಿ ಸರ್ಕಾರ ಇಂಥ ಬೆಳೆಗಳಿಗೆ 1989ರ ಜೈವಿಕ ಸುರಕ್ಷತಾ ನಿಯಮಗಳ ಬಿಗಿಯಾದ ಭಾಗದಿಂದ ವಿನಾಯಿತಿ ಕೊಟ್ಟಿತು. ಕತ್ತರಿ ಬೇರೆ ಕಡೆಯೂ ಬೀಳುವ ಸಾಧ್ಯತೆ ಇರುವುದರಿಂದ, ನಿಯಮ ಸಡಿಲಿಸಿದಷ್ಟೂ ಮಾಹಿತಿ ಬಯಲಾಗಬೇಕು.

ನಮ್ಮ ಬೇಡಿಕೆ ಮೂರು. ಮೊದಲನೆಯದಾಗಿ, ಪ್ರಯೋಗದ ಎಲ್ಲ ಅಂಕಿಅಂಶಗಳನ್ನು ಊರುವಾರು, ಹಂಗಾಮುವಾರು ಪ್ರಕಟಿಸಲಿ. ಸಂಶೋಧನಾ ಕೇಂದ್ರದ ತಾಕುಗಳಷ್ಟೇ ಸಾಲದು. ಗಂಗಾವತಿ, ಸಿಂಧನೂರಿನ ಸವುಳು ಗದ್ದೆಗಳಲ್ಲಿ, ಕಾಲುವೆಯ ಕೊನೆಯಂಚಿನ ರೈತರ ಹೊಲದಲ್ಲಿ ಪರೀಕ್ಷೆ ನಡೆಯಲಿ. ಎರಡನೆಯದಾಗಿ, ಕ್ರಿಸ್ಪರ್ ಮೇಲೆ ವಿದೇಶಿ ಪೇಟೆಂಟ್‌ಗಳಿವೆ. ಬೀಜ ಉಳಿಸಿ ಮರುಬಿತ್ತಲು 2001ರ ಕಾಯ್ದೆ ರೈತನಿಗೆ ಕೊಟ್ಟ ಹಕ್ಕಿಗೆ ಇವುಗಳಿಂದ ಧಕ್ಕೆಯಿಲ್ಲ ಎಂದು ಸರ್ಕಾರ ಬರೆದುಕೊಡಲಿ. ಮೂರನೆಯದಾಗಿ, ತಳಿ ರೂಪಿಸಿದವರಲ್ಲದ ಸ್ವತಂತ್ರ ತಂಡ ಬಿಡುಗಡೆಯ ನಂತರವೂ ವರ್ಷಗಟ್ಟಲೆ ನಿಗಾ ಇಡಲಿ.

ತಳಿ ನಿಜಕ್ಕೂ ಒಳ್ಳೆಯದಿದ್ದರೆ ಈ ಪರೀಕ್ಷೆಯಿಂದ ಅದಕ್ಕೆ ನಷ್ಟವಿಲ್ಲ. ಸೋತರೆ ಸಾಲ ತಲೆಗೆ ಕಟ್ಟಿಕೊಳ್ಳುವವನು ರೈತ. ವಿಜ್ಞಾನಿಯೂ ಅಲ್ಲ, ಸಚಿವರೂ ಅಲ್ಲ. ಬೀಜ ಅಂಗಡಿಗೆ ಬಂದು ಅಚ್ಚುಕಟ್ಟು ತುಂಬಿದ ಮೇಲೆ ಷರತ್ತು ಹಾಕಿ ಫಲವಿಲ್ಲ. ಈ ಮೂರಕ್ಕೂ ಉತ್ತರ ಸಿಗುವವರೆಗೆ ಬಿತ್ತನೆ ಬೀಜದ ಮಾರಾಟಕ್ಕೆ ಅನುಮತಿ ಕೊಡಬಾರದು.