ಅವಧಿ ಮುಗಿದ ಎಚ್ಚರಿಕೆ

2017ರ ನವೆಂಬರ್ 30ರಂದು ಓಖಿ ಬಿರುಗಾಳಿ ಕೇರಳದ ಕಡಲಲ್ಲಿ ಎದ್ದಾಗ ತಿರುವನಂತಪುರದ ಪೂಂತುರ, ವಿಳಿಂಞಂ ಕಡೆಯ ಎಷ್ಟೋ ಮೀನುಗಾರರು ಆಗಲೇ ನೆಟ್‌ವರ್ಕ್ ಸಿಗದಷ್ಟು ದೂರದಲ್ಲಿದ್ದರು. ದಡದಿಂದ ಹೊರಟ ಮಾತು ಅವರನ್ನು ಮುಟ್ಟಲಿಲ್ಲ. ಸತ್ತವರು, ಕಾಣೆಯಾದವರು ಸೇರಿ ಕೇರಳವೊಂದರಲ್ಲೇ ನೂರು ದಾಟಿದರು.

ಆಮೇಲೆ ಉಪಗ್ರಹದ ಮೂಲಕ ಸಂದೇಶ ತಲುಪಿಸುವ ಉಪಕರಣಗಳು ಬಂದವು. ಅದು ಒಳ್ಳೆಯದೇ ಆಯಿತು. ಆದರೆ ಬಹುಮಂದಿಯ ಕೈಯಲ್ಲಿರುವುದು ಇಂದಿಗೂ ಮಾಮೂಲಿ ಮೊಬೈಲ್. ಕಡಲಲ್ಲಿ ದಿನಗಟ್ಟಲೆ ಇದ್ದು ಕೊಚ್ಚಿಯ ದಕ್ಕೆಗೆ ಮರಳುವ ಬೋಟಿನವರ ಫೋನಿಗೆ ನೆಟ್‌ವರ್ಕ್ ಸಿಕ್ಕ ಗಳಿಗೆಯಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಗಂಭೀರವಾಗಿ ಕೇಳುತ್ತಿಲ್ಲ.

ಇಲಾಖೆಗಳ ಎಚ್ಚರಿಕೆ ಆ್ಯಪ್‌ಗಳೂ ಸೇರಿ ಆಂಡ್ರಾಯ್ಡ್ ಆ್ಯಪ್‌ಗಳ ನೋಟಿಫಿಕೇಶನ್‌ಗಳು ಬಹುಪಾಲು ಗೂಗಲ್ ಸರ್ವರ್ ಮೂಲಕವೇ ಬರುತ್ತವೆ. ಫೋನ್ ಸಂಪರ್ಕದಲ್ಲಿಲ್ಲದಿದ್ದರೆ ಸರ್ವರ್ ಅವನ್ನು ಕಾದಿಡುತ್ತದೆ. ಕಳುಹಿಸಿದವರು ಬೇರೆ ಗಡುವು ಹೇಳದಿದ್ದರೆ ನಾಲ್ಕು ವಾರದವರೆಗೆ. ಬಾಕಿ ನೂರು ಮೀರಿದರೆ ಕೂಡಿಟ್ಟದ್ದಷ್ಟನ್ನೂ ಎಸೆದುಬಿಡುತ್ತದೆ. ಸಾಮಾನ್ಯ ಆದ್ಯತೆಯಲ್ಲಿ ಕಳುಹಿಸಿದ್ದಾದರೆ, ಪರದೆ ಆರಿಸಿ ಮೂಲೆಯಲ್ಲಿಟ್ಟ ಫೋನು ಬ್ಯಾಟರಿ ಉಳಿಸಲು ಅದನ್ನು ಇನ್ನಷ್ಟು ಹೊತ್ತು ತಡೆಯುತ್ತದೆ. ಹೀಗಾಗಿ ಸೋಮವಾರದ ಗಾಳಿಯ ಎಚ್ಚರಿಕೆ ಗುರುವಾರ ಆಗಷ್ಟೇ ಹೊರಟದ್ದರಂತೆ ಕೂಗಬಹುದು, ಗುರುವಾರದ್ದು ಅದರಡಿ ಹೂತುಹೋಗಬಹುದು. ಎರಡು ಸಲ ಹೀಗಾದರೆ ಮೂರನೆಯ ಸಲ ಮೀನುಗಾರ ಫೋನು ತೆಗೆದೂ ನೋಡುವುದಿಲ್ಲ. ತಪ್ಪು ಅವನದಲ್ಲ.

ಮದ್ದು ಕಷ್ಟದ್ದೇನಲ್ಲ. ಎಚ್ಚರಿಕೆ ಎಷ್ಟು ಹೊತ್ತು ಜಾರಿಯಲ್ಲಿದೆಯೋ ಅಷ್ಟೇ ಅದರ ಆಯುಸ್ಸು ಎಂದು ಕಳುಹಿಸುವಾಗಲೇ ನಮೂದಿಸಬೇಕು. ಹೊಸದು ಹಳೆಯದನ್ನು ಅಳಿಸಬೇಕು. ಹೊರಡಿಸಿದ ದಿನ, ಗಂಟೆ ಮೊದಲ ಸಾಲಲ್ಲೇ ಇರಬೇಕು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ, ಕೇರಳ ಎರಡರಲ್ಲೂ ಪರೀಕ್ಷೆಗಾಗಿ ನಮ್ಮ ಫೋನುಗಳನ್ನು ಕೂಗಿಸಿದ ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಈ ಗುಣ ಹುಟ್ಟಿನಿಂದಲೇ ಇದೆ: ಎಚ್ಚರಿಕೆ ಜಾರಿಯಲ್ಲಿರುವಷ್ಟು ಹೊತ್ತು ಟವರ್ ಅದನ್ನೇ ಮತ್ತೆ ಮತ್ತೆ ಸಾರುತ್ತದೆ, ತಡವಾಗಿ ವ್ಯಾಪ್ತಿಗೆ ಬಂದವನಿಗೂ ಕೇಳಿಸುತ್ತದೆ, ಅವಧಿ ಮುಗಿದೊಡನೆ ನಿಲ್ಲುತ್ತದೆ. ಆ್ಯಪ್ ಮಾಡಿಸುವ ಇಲಾಖೆಗಳು ಇಷ್ಟನ್ನಾದರೂ ಕರಾರಿನಲ್ಲಿ ಬರೆಸಲಿ.

ಮಳೆಗಾಲದ ಟ್ರಾಲಿಂಗ್ ನಿಷೇಧ ಎರಡೂ ರಾಜ್ಯಗಳಲ್ಲಿ ಜುಲೈ 31ಕ್ಕೆ ಮುಗಿಯುತ್ತದೆ. ಮಲ್ಪೆಯಲ್ಲೂ ಕೊಚ್ಚಿಯಲ್ಲೂ ಬೋಟುಗಳು ಕಡಲಿಗಿಳಿಯುವ ಮುನ್ನ ತಿರುವನಂತಪುರ, ಬೆಂಗಳೂರಿನ ವಿಪತ್ತು ನಿರ್ವಹಣಾ ಅಧಿಕಾರಿಗಳು ಒಂದು ಅಗ್ಗದ ಫೋನನ್ನು ಮೂರು ದಿನ ನೆಟ್‌ವರ್ಕ್‌ನಿಂದ ಹೊರಗಿಟ್ಟು, ಮತ್ತೆ ಜೋಡಿಸಿ, ಮೊದಲು ಯಾವ ಸಂದೇಶ ಬರುತ್ತದೆಂದು ತಾವೇ ನೋಡಲಿ.