ತಲೆಬರಹದ ಶೃಂಗಾರ

ತಲೆಬರಹವೆಂಬ ಮಾತಿಗೆ ನಮ್ಮಲ್ಲಿ ಎರಡರ್ಥ. ವಿಧಿ ಬರೆದದ್ದೂ ತಲೆಬರಹವೇ, ಲೇಖನದ ನೆತ್ತಿಯ ಮೇಲಿನ ಶೀರ್ಷಿಕೆಯೂ ತಲೆಬರಹವೇ. ಮೊದಲನೆಯದನ್ನು ಬರೆಯುವ ಬ್ರಹ್ಮನ ಕೈಬರಹವನ್ನು ಕಂಡವರಿಲ್ಲ. ಎರಡನೆಯದನ್ನಾದರೋ ಎಲ್ಲರೂ ಮೊದಲು ಓದುತ್ತಾರೆ, ಅನೇಕರು ಅದನ್ನಷ್ಟೇ ಓದಿ ಹಾಳೆ ಮಗುಚುತ್ತಾರೆ. ಗಣಕಯಂತ್ರ ಮನೆಮನೆಗೆ ಬಂದ ಮೇಲೆ ಅದರ ಶೃಂಗಾರಕ್ಕೆ ಕೈಹಾಕದವರಿಲ್ಲ; ಅದರ ಶಿಸ್ತಿಗೆ ಗಮನ ಕೊಟ್ಟವರು ಮಾತ್ರ ವಿರಳ.

ನವೆಂಬರ್ ಬಂದಿತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಸ್ಮರಣ ಸಂಚಿಕೆಗಳ ಸುಗ್ಗಿ. ಬಡಾವಣೆಯ ಕನ್ನಡ ಸಂಘ, ಕಾಲೇಜಿನ ಸಾಹಿತ್ಯ ವೇದಿಕೆ, ನಿವೃತ್ತ ನೌಕರರ ಕೂಟ, ಎಲ್ಲರದೂ ಒಂದೊಂದು. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡಿ. ಅಧ್ಯಕ್ಷರ ಮಾತಿಗೆ ಕಾಮನಬಿಲ್ಲಿನ ಬಣ್ಣ, ಕಾರ್ಯದರ್ಶಿಗಳ ವರದಿಗೆ ಕಮಾನಿನಂತೆ ಬಾಗಿದ ಅಕ್ಷರ, ಕವಿತೆಗೆ ನೆರಳು, ಅದರ ಪಕ್ಕದ ಪುಟದಲ್ಲಿ ಅಗಲಿದ ಹಿರಿಯರೊಬ್ಬರ ಸ್ಮರಣೆಗೆ ಜಾತ್ರೆಯ ಅಂಗಡಿಯ ಫಲಕದಂತೆ ಉರಿಯುವ ಕೆಂಪು, ಹಳದಿ! ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಅಂದವೇ ಇರಬಹುದು. ಒಟ್ಟಿಗೆ ನೋಡಿದಾಗ, ಒಂದೇ ಮನೆಯ ಮಕ್ಕಳೆಂದು ಯಾರೂ ಹೇಳಲಾರರು.

ನಮ್ಮ ಕಾಲೇಜಿನ ಕನ್ನಡ ಸಂಘದ ವಿದ್ಯಾರ್ಥಿಗಳು ಈ ವರ್ಷ ತಂದ ಕರಡಿನಲ್ಲಿಯೂ ಇದೇ ವೈಭವ. ‘ಕಥೆ’ ಎಂಬ ಎರಡಕ್ಷರ ಪುಟದ ಉದ್ದಗಲಕ್ಕೂ ಮೈಚಾಚಿ ಮಲಗಿತ್ತು. ‘ಗ್ರಾಮೀಣ ಶಿಕ್ಷಣದ ಸಮಸ್ಯೆಗಳು’ ಇರುವೆಸಾಲಿನಂತೆ ಮುದುಡಿತ್ತು. ಇದು ಮಕ್ಕಳ ಅಲಕ್ಷ್ಯವಲ್ಲ, ಉಪಕರಣದ ಸ್ವಭಾವ. ‘ವರ್ಡ್ ಆರ್ಟ್’ ಎಂಬ ಚಿತ್ರಾಕ್ಷರ ಸೌಲಭ್ಯವು ವರ್ಡ್ ತಂತ್ರಾಂಶದ 2007ರ ಆವೃತ್ತಿಯವರೆಗೆ ಅಕ್ಷರಗಳನ್ನು ಚೌಕಟ್ಟಿನ ಅಳತೆಗೆ ಎಳೆದು ಕೂರಿಸುತ್ತಿತ್ತು. 2010ರಿಂದ ಆ ಸ್ವಭಾವ ಬದಲಾಯಿತಾದರೂ, ಅಕ್ಷರಗಳನ್ನು ಬಾಗಿಸುವ ‘ಟ್ರಾನ್ಸ್‌ಫಾರ್ಮ್’ ಒತ್ತಿದೊಡನೆ ಹಳೆಯ ಚಾಳಿ ಮರಳುತ್ತದೆ. ಲಿಬ್ರೆ ಆಫೀಸಿನ ‘ಫಾಂಟ್‌ವರ್ಕ್’ ಕೂಡ ಇದೇ ಜಾತಿಯದು.

ಕನ್ನಡಕ್ಕೆ ಇಲ್ಲಿ ಇನ್ನೊಂದು ತೊಡಕಿದೆ, ಅದು ಒತ್ತಕ್ಷರದ್ದು. ಮೆಟ್ರೋ ರೈಲಿನ ನೇರಳೆ ಮಾರ್ಗದಲ್ಲಿ ಕೆಂಗೇರಿಯ ಕಡೆಗೆ ಹೋಗುವಾಗ ಸಿಗುವ ನಿಲ್ದಾಣಗಳ ಹೆಸರುಗಳನ್ನೇ ತೆಗೆದುಕೊಳ್ಳಿ. ‘ವಿಜಯನಗರ’ದಲ್ಲಿ ಒಂದೂ ಒತ್ತಿಲ್ಲ, ಅದರ ಮುಂದಿನ ‘ಅತ್ತಿಗುಪ್ಪೆ’ಯಲ್ಲಿ ಎರಡಿವೆ. ಎರಡನ್ನೂ ಒಂದೇ ಎತ್ತರದ ಚೌಕಟ್ಟಿನಲ್ಲಿ ಕಂಠಮಟ್ಟ ತುಂಬಲು ಹೊರಟರೆ, ವಿಜಯನಗರದ ಅಕ್ಷರಗಳು ನೆತ್ತಿಯಿಂದ ಪಾದದವರೆಗೆ ಹಿಗ್ಗುತ್ತವೆ. ಅತ್ತಿಗುಪ್ಪೆಯವು ತಮ್ಮ ಒತ್ತುಗಳಿಗೆ ಕೆಳಗೆ ಸ್ಥಳ ಬಿಟ್ಟು ಕುಗ್ಗುತ್ತವೆ. ಆದುದರಿಂದ ಸಮನಾಗಿಡಬೇಕಾದದ್ದು ಚೌಕಟ್ಟನ್ನಲ್ಲ, ಅಕ್ಷರದ ಒಡಲನ್ನು. ಒತ್ತು ಇಳಿಯುವಷ್ಟು ಇಳಿಯಲಿ. ಇಂಗ್ಲಿಷಿನ ದೊಡ್ಡಕ್ಷರಗಳ ಶೀರ್ಷಿಕೆಯನ್ನು ಮಾದರಿಯಾಗಿಟ್ಟುಕೊಂಡವರಿಗೆ ಈ ಸೂಕ್ಷ್ಮ ಹೊಳೆಯುವುದಿಲ್ಲ. ಅಲ್ಲಿ ರೇಖೆಯ ಕೆಳಗೆ ಜೋತುಬೀಳುವ ಸಂಸಾರವೇ ಇಲ್ಲ.

ಹಿಂದಿನವರಿಗೆ ಈ ಸಂಕಟವಿರಲಿಲ್ಲವೆ? ಬೇರೆ ಬಗೆಯದು ಇತ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕೈಯಿಂದ ಬರೆದದ್ದೇ ಕಲ್ಲಿನ ಮೇಲೆ ಮೂಡಿ ಅಚ್ಚಾಗುತ್ತಿತ್ತು. ಮುಂದೆ ಸೀಸದ ಮೊಳೆಗಳ ಕಾಲದಲ್ಲಿ ಮುದ್ರಣಾಲಯದವರು ಇಟ್ಟುಕೊಂಡಿದ್ದ ದಪ್ಪಕ್ಷರಗಳು ಎರಡೋ ಮೂರೋ ಗಾತ್ರದವು. ಶೀರ್ಷಿಕೆ ಯಾರದೇ ಇರಲಿ, ಅವುಗಳಲ್ಲೊಂದರಿಂದಲೇ ಜೋಡಿಸಬೇಕು. ಆ ಬಡತನವೇ ಪುಟಗಳಿಗೆ ಗಾಂಭೀರ್ಯ ಕೊಟ್ಟಿತೆಂದು ನನ್ನ ನಂಬಿಕೆ. ಶೃಂಗಾರ ಬೇಕಾದೆಡೆ ಚಿತ್ರಕಾರರಿಂದ ಒಮ್ಮೆ ಬರೆಯಿಸಿ ಬ್ಲಾಕ್ ಮಾಡಿಸುತ್ತಿದ್ದರು. ಧಾರಾವಾಹಿ ಕಾದಂಬರಿಯ ಹೆಸರಿನ ಆ ಒಂದೇ ಬ್ಲಾಕು ವಾರವಾರವೂ ಮರಳಿ ಬರುತ್ತಿತ್ತು. ಪುಟ ತಿರುವುತ್ತಿದ್ದ ಗೃಹಿಣಿಗೆ ಹೆಸರನ್ನು ಓದುವ ಅಗತ್ಯವೂ ಇರಲಿಲ್ಲ. ಆ ಅಕ್ಷರದ ಬಾಗು, ಬಳುಕು ಕಂಡರಾಯಿತು, ಕಳೆದ ವಾರ ಎಲ್ಲಿ ನಿಂತಿತ್ತೋ ಅಲ್ಲಿಂದ ಕಥೆ ಮನಸ್ಸಿನಲ್ಲಿ ಹೊರಡುತ್ತಿತ್ತು. ಬ್ಲಾಕಿಗೆ ದುಡ್ಡು ತಗಲುತ್ತಿತ್ತು, ಆದ್ದರಿಂದ ಅಲಂಕಾರಕ್ಕೊಂದು ಮಿತಿಯಿತ್ತು. ಈಗ ಬಣ್ಣವೂ ಬಿಟ್ಟಿ, ನೆರಳೂ ಬಿಟ್ಟಿ.

ಬಿಟ್ಟಿಯ ಅಲಂಕಾರ ಅರ್ಥವನ್ನೇ ಕೆಡಿಸುವುದುಂಟು. ಅದೇ ಕರಡಿನಲ್ಲಿ ‘ವಿದ್ಯಾಧನ’ ಎಂಬ ಲೇಖನವಿತ್ತು. ವಿದ್ಯಾರ್ಥಿ ಅಕ್ಷರಗಳ ಸುತ್ತ ದಪ್ಪ ಅಂಚು ಕಟ್ಟಿ, ಮೇಲೆ ನೆರಳನ್ನೂ ಬೀಳಿಸಿದ್ದ. ಮಹಾಪ್ರಾಣದ ಗುರುತಾಗಿ ‘ಧ’ಕಾರದ ಬುಡದಲ್ಲಿರುವ ಸಣ್ಣ ಸೀಳು ಆ ಮಸಿಯಲ್ಲಿ ಮುಚ್ಚಿಹೋಗಿ, ‘ಧನ’ ಹೋಗಿ ‘ದನ’ ಬಂದಿತ್ತು! ತರಗತಿಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳನ್ನು ವರ್ಷವಿಡೀ ಬೋಧಿಸಿದರೂ ಹತ್ತದ ಪಾಠ ಆ ಒಂದು ನಗೆಯಲ್ಲಿ ಹತ್ತಿತು. ‘ಡ’ ‘ಢ’, ‘ಪ’ ‘ಫ’ಗಳಿಗೂ ಇದೇ ಅಪಾಯ. ದಪ್ಪ ಅಂಚು ಕಟ್ಟುವವರು ಮೊದಲು ಈ ಜೋಡಿಗಳನ್ನು ಅಚ್ಚು ಹಾಕಿ ನೋಡುವುದೊಳ್ಳೆಯದು.

ಹಾಗಾದರೆ ಶೃಂಗಾರವೇ ಬೇಡವೆ? ಬೇಕು, ಆದರೆ ಒಂದೆಡೆ ಕೂತು ಒಮ್ಮೆ ನಿಶ್ಚಯಿಸಿದ್ದಾಗಿರಬೇಕು. ಗಣಕದಲ್ಲಿ ಹಳೆಯ ಬ್ಲಾಕಿನ ಕೆಲಸ ಮಾಡುವುದು ‘ಶೈಲಿ’, ಎಂದರೆ ಸ್ಟೈಲ್. ಒಂದು ತಲೆಬರಹವನ್ನು ಮನಸ್ಸಿಗೊಪ್ಪುವಂತೆ ಸಿಂಗರಿಸಿ, ‘ಹೆಡಿಂಗ್ 1’ ಎಂಬ ಶೈಲಿಯನ್ನು ಅದಕ್ಕೆ ಹೊಂದಿಸಿಕೊಳ್ಳಲು ಅಪ್ಪಣೆ ಕೊಟ್ಟರಾಯಿತು. ಆ ಶೈಲಿ ತೊಟ್ಟ ಎಲ್ಲ ತಲೆಬರಹಗಳೂ ಅದೇ ವೇಷಕ್ಕೆ ಬರುತ್ತವೆ. ಬಣ್ಣ, ಅಂಚು, ನೆರಳುಗಳನ್ನೂ ವರ್ಡ್ 2010ರಿಂದ ಈಚೆಗೆ ಶೈಲಿಯೊಳಗೇ ಸೇರಿಸಬಹುದು. ನಾಳೆ ಅಧ್ಯಕ್ಷರು ಹಸಿರು ಬೇಡ, ಕುಂಕುಮದ ಬಣ್ಣವಿರಲೆಂದರೆ ಒಂದೇ ಕಡೆ ತಿದ್ದಿದರೆ ಸಾಕು.

ಎರಡು ಎಚ್ಚರಿಕೆಗಳುಂಟು. ವರ್ಡ್ ತಂತ್ರಾಂಶವು ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬಗೆದು, ಅದರ ಅಕ್ಷರರೂಪವನ್ನೂ ಗಾತ್ರವನ್ನೂ ಇಂಗ್ಲಿಷಿನದರಿಂದ ಬೇರೆಯಾಗಿ ನೆನಪಿಡುತ್ತದೆ. ‘ಅಧ್ಯಾಯ 3’ ಎಂಬಲ್ಲಿ ಅಂಕಿಯೊಂದು ಬೇರೆ ಊರಿನಿಂದ ಬಂದಂತೆ ಕಾಣುವುದಕ್ಕೆ ಇದೇ ಕಾರಣ. ಎರಡೂ ಕಡೆ ಒಂದೇ ಅಳತೆ ಕೊಡಬೇಕು. ಇನ್ನೊಂದು, ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಿದರೆ ಒತ್ತುಗಳ ಪಾದ ಕತ್ತರಿಸಿಹೋಗುತ್ತದೆ. ‘ರಾಷ್ಟ್ರ’ ಎಂಬ ಶಬ್ದ ಪೂರ್ತಿಯಾಗಿ ಕಂಡರೆ ಉಳಿದವುಗಳಿಗೆ ಭಯವಿಲ್ಲ.

ಇಷ್ಟೆಲ್ಲ ಕಣ್ಣಿನ ಸುಖದ ಮಾತಾಯಿತು. ನಮ್ಮ ಲೇಖಕರಲ್ಲೊಬ್ಬಳು ದೃಷ್ಟಿಯಿಲ್ಲದ ವಿದ್ಯಾರ್ಥಿನಿ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಅವಳು ಓದುತ್ತಾಳೆ. ಅದರಲ್ಲಿ ಒಂದು ಕೀಲಿಯನ್ನು ಒತ್ತುತ್ತ ಹೋದರೆ ತಲೆಬರಹದಿಂದ ತಲೆಬರಹಕ್ಕೆ ನೆಗೆಯಬಹುದು. ಆದರೆ ತಂತ್ರಾಂಶಕ್ಕೆ ತಲೆಬರಹವೆಂದು ತಿಳಿಯುವುದು ಶೈಲಿಯಿಂದ, ಬಣ್ಣದಿಂದಲ್ಲ. ಮೊದಲ ಕರಡನ್ನು ಅವಳಿಗೆ ಕೊಟ್ಟಾಗ ಕೀಲಿ ಎಷ್ಟು ಒತ್ತಿದರೂ ಒಂದು ತಲೆಬರಹವೂ ಸಿಗಲಿಲ್ಲ. ತನ್ನದೇ ಲೇಖನವನ್ನು ಹುಡುಕಲು ಇಡೀ ಸಂಚಿಕೆಯನ್ನು ಆರಂಭದಿಂದ ಕೇಳಿಸಿಕೊಳ್ಳುತ್ತ ಕುಳಿತಿದ್ದಳು. ನಡುವೆ ಕೆಲವು ಲೇಖನಗಳು ಹಳೆಯ ನುಡಿ, ಬರಹ ಅಕ್ಷರಗಳಲ್ಲಿದ್ದವು. ಅವುಗಳೊಳಗಿನ ಸಂಕೇತ ಯುನಿಕೋಡ್ ಅಲ್ಲದ್ದರಿಂದ, ಕಣ್ಣಿಗೆ ಕನ್ನಡವಾದದ್ದು ಅವಳ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮಳೆ.

“ನನ್ನ ಲೇಖನದ ಹೆಸರು ಚೆನ್ನಾಗಿ ಕಾಣಿಸ್ತಿದೆಯಾ, ಸಾರ್?” ಎಂದು ಅವಳು ಕೇಳಿದಳು.

ಪಕ್ಕದಲ್ಲಿದ್ದ ಸಂಪಾದಕ ಮಂಡಲಿಯ ಹುಡುಗರು ಮುಖ ಮುಖ ನೋಡಿಕೊಂಡರು. ಅಂದೇ ಸಂಜೆ ಕೂತು ಚಿತ್ರಾಕ್ಷರಗಳನ್ನೆಲ್ಲ ತೆಗೆದು, ಹಳೆಯ ಲೇಖನಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಪ್ರತಿ ತಲೆಬರಹಕ್ಕೂ ಶೈಲಿ ತೊಡಿಸಿದರು. ಪರಿವಿಡಿಯನ್ನು ಕೈಯಿಂದ ಬೆರಳಚ್ಚು ಮಾಡುವ ಕಷ್ಟವೂ ತಪ್ಪಿತು. ಶೈಲಿಗಳನ್ನು ನೋಡಿ ತಂತ್ರಾಂಶವೇ ಅದನ್ನು ಕಟ್ಟಿಕೊಟ್ಟಿತು. ಸ್ಮರಣ ಲೇಖನಕ್ಕೆ ಬಣ್ಣ ಬೇಡ, ಕಪ್ಪೇ ಇರಲೆಂದು ಅವರೇ ತೀರ್ಮಾನಿಸಿದರು. ಮರುದಿನ ಆಕೆ ಕೀಲಿ ಒತ್ತುತ್ತ ಹೋಗಿ ಏಳನೆಯ ಒತ್ತಿಗೆ ನಿಂತಳು. ಯಂತ್ರದ ಒರಟು ಧ್ವನಿ ಅವಳ ಲೇಖನದ ಹೆಸರನ್ನು ಹೇಳಿತು.