ಶ್ರೀನಿವಾಸಪುರದ ಬಾಲ ಕತ್ತರಿಸಿದ ಡೇಟಾಬೇಸ್

ತುಂಬಾ ದಿನದಿಂದ ಏನೂ ಬರೆದಿರಲಿಲ್ಲ. ಇವತ್ತು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ವಿಷಯ, ಮೈಎಸ್‌ಕ್ಯೂಎಲ್ ಒಳ್ಳೆಯದೋ ಪೋಸ್ಟ್‌ಗ್ರೆಸ್ ಒಳ್ಳೆಯದೋ ಅನ್ನೋದು. "ಇದೇನ್ ಗುರೂ, ಬೇರೆ ಕೆಲಸ ಇಲ್ವಾ?" ಅನ್ನಬೇಡಿ. ಇದು ರೈತರ ದುಡ್ಡಿನ ಮಾತು, ಪೂರ್ತಿ ಓದಿ.

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಸೋದರಮಾವನಿಗೆ ಪರಿಚಯದ ಒಂದು ಟೊಮ್ಯಾಟೊ ಮಂಡಿ ಇದೆ. ಅಲ್ಲಿನ ಲೆಕ್ಕವೆಲ್ಲ ಯಾರೋ ಎಷ್ಟೋ ವರ್ಷದ ಹಿಂದೆ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಬರೆದುಕೊಟ್ಟ ಸಾಫ್ಟ್‌ವೇರ್‌ನಲ್ಲಿ. ಮೊನ್ನೆ ಊರಿಗೆ ಹೋದಾಗ ಮಾವ "ನೀನು ಇಂಜಿನಿಯರ್ ಅಲ್ವೇನೋ, ಒಂದ್ಸಲ ನೋಡು ಬಾ" ಅಂತ ಕರೆದುಕೊಂಡು ಹೋದರು. ಶ್ರೀನಿವಾಸಪುರದ ಕಡೆಯ ಹಿರಿಯ ರೈತರೊಬ್ಬರು ಕೂತಿದ್ದರು. ಬಾಕಿ ದುಡ್ಡಿಗೆ ಅಂತ ಎರಡು ಸಲ ಬಸ್ ಚಾರ್ಜ್ ಹಾಕಿಕೊಂಡು ಬಂದು ಬರಿಗೈಯಲ್ಲಿ ವಾಪಸ್ ಹೋಗಿದ್ದವರು. "ಏನಪ್ಪಾ, ನಿಮ್ ಕಂಪ್ಯೂಟರ್‌ಗೆ ನಮ್ ತಾಲ್ಲೂಕು ಒಂದೇ ಕಾಣ್ಸಲ್ವಾ?" ಅಂದರು.

ನಿಜವಾಗಿಯೂ ಕಾಣಿಸುತ್ತಿರಲಿಲ್ಲ! ತಾಲ್ಲೂಕುವಾರು ಬಾಕಿ ಪಟ್ಟಿ ತೆಗೆದರೆ ಕೋಲಾರ ಬರುತ್ತೆ, ಮಾಲೂರು ಬರುತ್ತೆ, ಮುಳಬಾಗಿಲು ಬರುತ್ತೆ, ಶ್ರೀನಿವಾಸಪುರ ಮಾತ್ರ ಖಾಲಿ.

ಕಾರಣ ಹೇಳ್ತೀನಿ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ, ಒತ್ತಕ್ಷರದ ಹಲಂತ, ಒಂದೊಂದಕ್ಕೂ 3 ಬೈಟ್ ಬೇಕು. ಈ ಟೇಬಲ್ ಇದ್ದದ್ದು ಲ್ಯಾಟಿನ್-1ರಲ್ಲಿ. 2018ರಲ್ಲಿ 8.0 ಬರುವವರೆಗೂ ಮೈಎಸ್‌ಕ್ಯೂಎಲ್ ತಾನಾಗಿ ಆರಿಸಿಕೊಳ್ಳುತ್ತಿದ್ದುದು ಅದನ್ನೇ. ಅದರ ಪ್ರಕಾರ ಒಂದು ಬೈಟ್ ಅಂದರೆ ಒಂದು ಅಕ್ಷರ. ತಾಲ್ಲೂಕಿಗೆ ಕೊಟ್ಟಿದ್ದ ಜಾಗ 30. ಕೋಲಾರಕ್ಕೆ 15 ಬೈಟ್, ಮಾಲೂರಿಗೆ 18, ಮುಳಬಾಗಿಲಿಗೆ 27, ಎಲ್ಲವೂ ಹಿಡಿಸಿದವು. ಶ್ರೀನಿವಾಸಪುರಕ್ಕೆ 36! ಉಳಿದದ್ದು "ಶ್ರೀನಿವಾಸಪ". ಪೂರ್ತಿ ಹೆಸರು ಕೊಟ್ಟು ಹುಡುಕಿದರೆ ಸಿಗುವುದಾದರೂ ಹೇಗೆ?

ನನ್ನ ಸಿಟ್ಟು ಜಾಗ ಸಾಲದಿದ್ದದ್ದಕ್ಕಲ್ಲ. ಬಾಲ ಕತ್ತರಿಸಿ "ಆಯ್ತು ಸ್ವಾಮಿ, ಸೇರಿಸಿದೆ" ಅಂದಿತಲ್ಲ, ಅದಕ್ಕೆ. ಒಂದು ವಾರ್ನಿಂಗ್ ಏನೋ ಕೊಡುತ್ತೆ, ಆದರೆ ಕೇಳಿದರೆ ಮಾತ್ರ. 2015ರ 5.7ರ ತನಕ ಅದರ ಮಾಮೂಲಿ ನಡವಳಿಕೆಯೇ ಇದು. ತೂಕ ಸೊನ್ನೆಗಿಂತ ಜಾಸ್ತಿ ಇರಲೇಬೇಕು ಅಂತ ಚೆಕ್ ನಿಯಮ ಬರೆದರೂ, 2019ರ 8.0.16ರವರೆಗೆ ಅದನ್ನು ಓದಿ, ತಲೆಯಾಡಿಸಿ, ಬಿಸಾಕುತ್ತಿತ್ತು.

ಪೋಸ್ಟ್‌ಗ್ರೆಸ್ ಆಗಿದ್ದರೆ? ಯುಟಿಎಫ್-8 ಡೇಟಾಬೇಸ್‌ನಲ್ಲಿ ಅದು ಬೈಟ್ ಎಣಿಸಲ್ಲ, ಅಕ್ಷರ ಎಣಿಸುತ್ತೆ. ಶ್ರೀನಿವಾಸಪುರ ಅಂದರೆ 12, ಆರಾಮಾಗಿ ಹಿಡಿಸುತ್ತಿತ್ತು. ಹಿಡಿಸದಿದ್ದರೆ ಎರರ್ ಕೊಟ್ಟು ನಿಲ್ಲುತ್ತಿತ್ತು. ಮೊದಲ ದಿನವೇ ಗುಮಾಸ್ತರು ಬೈದುಕೊಂಡು ಫೋನ್ ಮಾಡುತ್ತಿದ್ದರು, ಮೊದಲ ದಿನವೇ ಸರಿಹೋಗುತ್ತಿತ್ತು.

"ತಪ್ಪು ಬರೆದವನದ್ದು, ಮೈಎಸ್‌ಕ್ಯೂಎಲ್‌ನದ್ದಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಒಪ್ಪಿದೆ, ಅವನದ್ದೂ ತಪ್ಪಿದೆ. ಆದರೆ ತಪ್ಪು ಮಾಡದ ಪ್ರೋಗ್ರಾಮರ್ ಯಾರಿದ್ದಾರೆ? ತಪ್ಪನ್ನು ಮುಚ್ಚಿಡುವ ಗುಮಾಸ್ತ ಬೇಕೋ, ಎದುರಿಗೇ ಹೇಳುವವನು ಬೇಕೋ? "ಈಗ ಎಲ್ಲ ಸರಿಯಾಗಿದೆಯಲ್ಲ" ಅಂತೀರಾ? ಹೊಸ ಆವೃತ್ತಿ ಹಾಕಿದ ಮಾತ್ರಕ್ಕೆ ಹಳೇ ಟೇಬಲ್ ಲ್ಯಾಟಿನ್-1 ಬಿಟ್ಟು ಬರಲ್ಲ. "ಮೈಎಸ್‌ಕ್ಯೂಎಲ್ ಸ್ಪೀಡು" ಅನ್ನುವವರಿಗೆ: ಆ ಹೆಸರು ಬಂದದ್ದು ಟ್ರಾನ್ಸಾಕ್ಷನ್ನೇ ಇಲ್ಲದ ಮೈಐಸ್ಯಾಮ್ ಕಾಲದಲ್ಲಿ. ಒಂದು ಮಂಡಿಯ ಲೆಕ್ಕಕ್ಕೆ ಎರಡೂ ಬೇಕಾದಷ್ಟು ವೇಗ.

ಇನ್ನೊಂದು ಮಾತು. ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕಂಪನಿಯ ಪಾಲಾಯಿತು, 2010ರಲ್ಲಿ ಸನ್ ಜೊತೆಗೆ ಒರಾಕಲ್ ಪಾಲಾಯಿತು. ಮೂಲ ಕರ್ತೃಗಳಲ್ಲೊಬ್ಬರಾದ ಮಾಂಟಿ ವಿಡೇನಿಯಸ್ ಅವರೇ 2009ರಲ್ಲಿ ಮರಿಯಾಡಿಬಿ ಅಂತ ಬೇರೆ ಕವಲು ತೆಗೆದರು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಯೋಜನೆಯಿಂದ ಬೆಳೆದ ಪೋಸ್ಟ್‌ಗ್ರೆಸ್‌ಗೆ ಮಾತ್ರ ಇವತ್ತಿಗೂ ಒಬ್ಬ ಮಾಲೀಕ ಅಂತಿಲ್ಲ, ಹಾಗಾಗಿ ಮಾರೋಕೂ ಆಗಲ್ಲ :-)

ಮಂಡಿಯ ಕಥೆಗೆ ಬರೋಣ. ತಾಲ್ಲೂಕಿನ ಹೆಸರನ್ನು ಒಂದೇ ಸಾಲಿನಲ್ಲಿ ಸರಿ ಮಾಡಿದೆ. ಆದರೆ ರೈತರ ಹೆಸರಿಗೂ ಅದೇ 30 ಕೊಟ್ಟಿದ್ದರು! ವೆಂಕಟರಮಣಪ್ಪ "ವೆಂಕಟರಮಣಪ್" ಆಗಿದ್ದರು, ನಾರಾಯಣಸ್ವಾಮಿ "ನಾರಾಯಣಸ್ವಾ" ಆಗಿದ್ದರು. ಇವನ್ನು ಊಹಿಸಬಹುದು. ಇನ್ನೂ ಉದ್ದದ ಹೆಸರುಗಳಲ್ಲಿ ಹೋದ ಬೈಟ್ ಯಾವ ಬ್ಯಾಕಪ್‌ನಲ್ಲೂ ಇಲ್ಲ. ಮಾವ, ನಾನು, ಗುಮಾಸ್ತರು ಹಳೇ ಕಾಗದದ ಪಟ್ಟಿಗಳನ್ನು ಹರಡಿಕೊಂಡು ರಾತ್ರಿಯವರೆಗೂ ಕೂತು ಒಂದೊಂದೇ ತಿದ್ದಿದೆವು. ಆ ಹಿರಿಯರಿಗೆ ಅವತ್ತೇ ದುಡ್ಡು ಸಿಕ್ಕಿತು.

ಕನ್ನಡದಲ್ಲಿ ಹೊಸದಾಗಿ ಏನಾದರೂ ಕಟ್ಟುವ ಗೆಳೆಯರೇ, ದಯವಿಟ್ಟು ಪೋಸ್ಟ್‌ಗ್ರೆಸ್ ಹಾಕಿ. ವರ್ಡ್‌ಪ್ರೆಸ್‌ನಂಥದ್ದಕ್ಕೆ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಅನಿವಾರ್ಯ ಅಂದರೆ ಯುಟಿಎಫ್8ಎಂಬಿ4 ಇದೆಯಾ, ಸ್ಟ್ರಿಕ್ಟ್ ಮೋಡ್ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಪರೀಕ್ಷೆ ಮಾಡುವಾಗ ಕೋಲಾರ ಅಂತ ಟೈಪ್ ಮಾಡಬೇಡಿ, ಶ್ರೀನಿವಾಸಪುರ ಅಂತ ಮಾಡಿ.

ಏನಂತೀರಿ? ಜಗಳಕ್ಕೆ ನಾನು ರೆಡಿ.